ಕುದುರೆ ಮರಿ ಹತ್ತಿರ ಬರುತ್ತಿಲ್ಲ: ಮೊದಲ ಆರು ತಿಂಗಳ ಪಳಗಿಸುವಿಕೆ, ಮೇವು, ಆರೋಗ್ಯ

ಬಯಲುಸೀಮೆ_ಕುದುರಿ

ಕಾಠಿಯಾವಾಡಿ ತಳಿ ಹೆಣ್ಣು ಕುದುರಿ, ಗಂಡು ಮರಿ. ಮರಿಗೆ ಈಗ ಮೂರು ವಾರ. ಆರಾಮ ಐತಿ, ಹಾಲು ಚಲೋ ಕುಡೀತೈತಿ. ಆದ್ರ ಹತ್ರ ಹೋದ್ರ ಸಾಕು, ತಾಯಿ ಆಚಿ ಮಗ್ಗಲಿಗೆ ಹೋಗಿ ನಿಂದರತೈತಿ. ಹಿಡಿದು ಹಾಲ್ಟರ್ (ತಲಿಗೆ ಹಾಕೂ ಪಟ್ಟಿ) ಹಾಕಿಬಿಡ್ರಿ, ಆಮ್ಯಾಲ ತಾನ ರೂಢಿ ಆಗ್ತೈತಿ ಅಂತ ಕೆಲವರು ಅಂತಾರ. ಮುಟ್ಟಬ್ಯಾಡ್ರಿ, ವರ್ಷ ಆಗ್ಲಿ ಅಂತಾರ ಇನ್ನ ಕೆಲವರು. ಯಾವುದು ಖರೆ? ಎಲ್ಲಿಂದ ಸುರು ಮಾಡಬೇಕು, ದಿನಕ್ಕ ಎಷ್ಟೊತ್ತು, ಕ್ರಮ ಹೇಳ್ರಿ. ಮೇವಿನ ಬಗ್ಗೆನೂ ಗೊತ್ತಿದ್ದವರು ಬರೀರಿ.

ನಾಗಾಲೋಟ

ಎರಡೂ ಬೇಡ ರೀ. ಮೂರು ವಾರದ ಮರಿಯನ್ನು ಮೂಲೆಗೆ ಒತ್ತಿ ಹಿಡಿದರೆ ಅದು ಹಾಲ್ಟರ್ ಕಲಿಯುವುದಿಲ್ಲ. ಮನುಷ್ಯ ಹತ್ತಿರ ಬಂದರೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ ಎಂಬುದನ್ನಷ್ಟೇ ಕಲಿಯುತ್ತದೆ, ಮರುದಿನ ಇನ್ನೂ ಬೇಗ ಓಡುತ್ತದೆ. ವರ್ಷ ಬಿಟ್ಟರೆ ಬೇರೆ ತೊಂದರೆ. ಅಷ್ಟರೊಳಗೆ ಲಸಿಕೆ, ಜಂತಿನ ಮದ್ದು, ಗೊರಸು ಕೆತ್ತುವುದು ಎಲ್ಲವೂ ಆಗಲೇಬೇಕು. ಮುಟ್ಟಿಸಿಕೊಳ್ಳದ ಮರಿಗೆ ಇವನ್ನೆಲ್ಲ ಪ್ರತಿ ಸಲ ನಾಲ್ಕು ಜನ ಸೇರಿ ಬಲವಂತದಿಂದ ಮಾಡಬೇಕಾಗುತ್ತದೆ.

ಶುರು ಮಾಡಬೇಕಾದದ್ದು ಮರಿಯಿಂದಲ್ಲ, ತಾಯಿಯಿಂದ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸೆವರೀನ್ ಆನ್ರಿ, ಮಾರ್ಟೀನ್ ಹೌಸ್‌ಬರ್ಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಮರಿ ಹುಟ್ಟಿದ ಮೊದಲ 5 ದಿನ, ದಿನಕ್ಕೆ 15 ನಿಮಿಷ, ತಾಯಿಗೆ ಮಾತ್ರ ಮೆತ್ತಗೆ ಬ್ರಷ್ ಹಾಕಿದರು, ಕೈಯಿಂದ ಮೇವು ಕೊಟ್ಟರು. ಮರಿಯನ್ನು ಮುಟ್ಟಲೇ ಇಲ್ಲ. ಮುಂದೆ ಒಂದು ವರ್ಷದವರೆಗೆ ನೋಡಿದಾಗಲೂ ಆ ಮರಿಗಳು ಉಳಿದವಕ್ಕಿಂತ ಸಲೀಸಾಗಿ ಮನುಷ್ಯರ ಹತ್ತಿರ ಬರುತ್ತಿದ್ದವು. ನಿಮ್ಮ ಮರಿಗೆ ಆ ಐದು ದಿನ ದಾಟಿದೆ, ಆದರೆ ದಾರಿ ಅದೇ. ತಾಯಿ ನಿಮ್ಮ ಎದುರು ತಲೆ ತಗ್ಗಿಸಿ ಮೇಯುತ್ತಾ ನಿಂತಿದ್ದರೆ ಮರಿಗೆ ಅದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ. ತಾಯಿಯೇ ಕಿವಿ ಹಿಂದಕ್ಕೆ ಮಡಿಚುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ, ಮರಿಯ ಗೊಡವೆಗೆ ಆಮೇಲೆ ಹೋಗಿ.

ಜಾಗ: ದೊಡ್ಡ ಬಯಲು ಬೇಡ, ಲಾಯ ಅಥವಾ ಸಣ್ಣ ಆವರಣ ಸಾಕು. ತಾಯಿ ಮರಿ ಎರಡೂ ಇರುವ ಲಾಯ 12 ಅಡಿ ಚೌಕಕ್ಕಿಂತ ಚಿಕ್ಕದಿರಬಾರದು, ಇಕ್ಕಟ್ಟಾದರೆ ಮರಿಗೆ ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. ಹೊತ್ತು: ಮರಿ ಹಾಲು ಕುಡಿದು ಮುಗಿಸಿ ಸುಮ್ಮನೆ ನಿಂತಿರುವಾಗ. ಮಲಗಿದ್ದರೆ ಎಬ್ಬಿಸಬೇಡಿ, ಈ ವಯಸ್ಸಲ್ಲಿ ಅವಕ್ಕೆ ಮಲಗುವ ಹೊತ್ತು ಬಹಳ ಬೇಕು.

ತಾಯಿಗೆ ಬ್ರಷ್ ಹಾಕುತ್ತಾ ಮರಿಗೆ ಪಕ್ಕ ತಿರುಗಿಸಿ ನಿಲ್ಲಿ. ದಿಟ್ಟಿಸಬೇಡಿ, ಕೈ ಚಾಚಬೇಡಿ. ಅದು ಬಂದು ಬಟ್ಟೆ ಮೂಸಿ ಹೋಗಲಿ, ಎರಡು ಮೂರು ದಿನ ಇಷ್ಟೇ ನಡೆದರೂ ಸರಿ. ಮೊದಲು ಮುಟ್ಟುವಾಗ ಮೂತಿ, ಹಣೆ, ಕಿವಿಗೆ ಹೋಗಬೇಡಿ. ಹಣೆಯ ನೇರ ಎದುರು ಕುದುರೆಗೆ ಕಣ್ಣು ಹಾಯುವುದಿಲ್ಲ, ಅಲ್ಲಿಗೆ ಕೈ ಬಂದರೆ ಬೆಚ್ಚುತ್ತದೆ. ಭುಜದ ಕಡೆಯಿಂದ, ಬೆರಳಿನ ಹಿಂಬದಿಯಿಂದ ಮುಟ್ಟಿ. ಆಮೇಲೆ ಕತ್ತು ಬೆನ್ನಿಗೆ ಸೇರುವ ಉಬ್ಬಿನ ಬಳಿ ಉಗುರಿನಿಂದ ತುರಿಸಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ತುರಿಸಿದರೆ ಹೃದಯ ಬಡಿತವೂ ಇಳಿಯುತ್ತದೆ ಎಂದು 1993ರಲ್ಲಿ ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಮೇಲೆ ಅಳೆದು ತೋರಿಸಿದ್ದಾರೆ. ಜಾಗ ಸರಿಯಾಗಿದ್ದರೆ ಮರಿ ಕತ್ತು ಚಾಚಿ ಮೇಲ್ದುಟಿ ಮುಂದೆ ಮಾಡಿ ಆಡಿಸುತ್ತದೆ.

ಈಗ ಮುಖ್ಯ ಮಾತು. ಮೂರು ನಾಲ್ಕು ಸೆಕೆಂಡ್ ತುರಿಸಿ ನೀವೇ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿಯಿರಿ. ಮರಿ ಹೋಗುವ ಮೊದಲು ನೀವು ಹೋಗಬೇಕು. ಅದು ಓಡಿಹೋದ ಮೇಲೆ ನೀವು ನಿಲ್ಲಿಸಿದರೆ, ಓಡಿದ್ದರಿಂದ ಕಾಟ ತಪ್ಪಿತು ಎಂದು ಅದರ ಲೆಕ್ಕ. ನಿಂತಿರುವಾಗ ನಿಲ್ಲಿಸಿದರೆ, ನಿಂತಿದ್ದರಿಂದ ತಪ್ಪಿತು ಎಂದು ಲೆಕ್ಕ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಗಂಟೆಗಟ್ಟಲೆ ಕೂತರೆ ಮರಿಗೂ ಬೇಸರ, ತಾಯಿಗೂ ಬೇಸರ.

ಜೀನು_ಲಗಾಮು

ಹುಟ್ಟಿದ ಮೊದಲ ಗಂಟೆಯಲ್ಲೇ ಮೈ, ಕಿವಿ, ಕಾಲು, ಬಾಯಿ ಎಲ್ಲಾ ಉಜ್ಜಿ ರೂಢಿ ಮಾಡಿಸಿದರೆ ಈ ತಾಪತ್ರಯವೇ ಇರುವುದಿಲ್ಲ ಅಂತಾರಲ್ಲ? ಅಮೆರಿಕದ ಪಶುವೈದ್ಯ ರಾಬರ್ಟ್ ಮಿಲ್ಲರ್ ಅವರ ವಿಧಾನ ಅದು. ಇಲ್ಲೂ ಕೆಲವು ಫಾರಂಗಳಲ್ಲಿ ಮಾಡುತ್ತಾರೆ.

ಪಶುವೈದ್ಯ_ಉತ್ತರ

ಮಾಡುತ್ತಾರೆ, ಆದರೆ ನಾನು ಬೇಡ ಎನ್ನುತ್ತೇನೆ. ಮೊದಲ ಗಂಟೆ ತಾಯಿಯದು. ತಾಯಿ ಮರಿಯನ್ನು ನೆಕ್ಕಿ ವಾಸನೆ ಗುರುತು ಹಿಡಿಯುವ, ಮರಿ ಏಳಲು ಒದ್ದಾಡಿ ಕೆಚ್ಚಲು ಹುಡುಕುವ ಹೊತ್ತಿಗೆ ಒಬ್ಬ ಮನುಷ್ಯ ಅದನ್ನು ಹಿಡಿದು ಉಜ್ಜುತ್ತಾ ಕೂತರೆ ಎರಡೂ ಕೆಲಸ ತಡವಾಗುತ್ತವೆ. ಮೇಲೆ ಹೇಳಿದ ರೆನ್ ತಂಡವೇ 2009ರಲ್ಲಿ ತೋರಿಸಿದಂತೆ, ಹುಟ್ಟಿದ ಕೂಡಲೇ ಹೀಗೆ ಹಿಡಿದಾಡಿದ ಮರಿಗಳು ತಾಯಿಗೆ ಹೆಚ್ಚು ಅಂಟಿಕೊಂಡವು, ಜೊತೆಯ ಮರಿಗಳೊಡನೆ ಕಡಿಮೆ ಆಡಿದವು. ಮನುಷ್ಯರೊಡನೆ ಸಲುಗೆ ಬೆಳೆಯುವುದಕ್ಕೂ ಅದು ಖಾತ್ರಿಯಲ್ಲ. ಬಲವಂತಕ್ಕೆ ಸುಸ್ತಾಗಿ ಬಿದ್ದುಕೊಂಡ ಮರಿಯನ್ನು ನೋಡಿ ‘ಒಪ್ಪಿಕೊಂಡಿತು’ ಎನ್ನುವುದು ಸುಲಭ. ಎಳೆ ಮರಿಯನ್ನು ಎದೆ ಸುತ್ತ ಬಿಗಿಯಾಗಿ ಅಪ್ಪಿದರೆ ಅದು ನಿದ್ದೆ ಬಂದಂತೆ ಕುಸಿಯುವುದು ಶರೀರದ ಸಹಜ ಪ್ರತಿಕ್ರಿಯೆ, ನಂಬಿಕೆ ಅಲ್ಲ.

ಮುಂದಿನ ಸಲ ಈಯಿಸುವವರಿಗಾಗಿ ಮೊದಲ ದಿನದ ಲೆಕ್ಕ ಬರೆಯುತ್ತೇನೆ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿ. ಬಿದ್ದ ಮಾಸನ್ನು ಎಸೆಯದೆ ಬಕೆಟ್ಟಿನಲ್ಲಿಡಿ, ತುಂಡು ಒಳಗೆ ಉಳಿದಿದೆಯೇ ಎಂದು ನೋಡಬೇಕಾಗುತ್ತದೆ. ಉಳಿದರೆ ತಾಯಿಗೆ ಜ್ವರ, ಆಮೇಲೆ ಗೊರಸಿನ ಉರಿಯೂತ.

ಹೊಕ್ಕುಳ ಬಳ್ಳಿ ತಾನಾಗಿ ಹರಿಯಲಿ, ಕತ್ತರಿಸಬೇಡಿ. ಶೇ. 0.5 ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಸಣ್ಣ ಲೋಟದಲ್ಲಿ ಹಾಕಿ ಬಳ್ಳಿಯ ತುಂಡನ್ನು ಅದರಲ್ಲಿ ಅದ್ದಿ, ದಿನಕ್ಕೆ 3-4 ಸಲ, ಎರಡು ಮೂರು ದಿನ. ಗಟ್ಟಿ ಟಿಂಚರ್ ಅಯೋಡಿನ್ ಸುರಿಯುವ ಅಭ್ಯಾಸ ಬಿಡಿ, ಚರ್ಮ ಸುಟ್ಟು ಅದೇ ಸೋಂಕಿಗೆ ಬಾಗಿಲಾಗುತ್ತದೆ.

ಗಿಣ್ಣು ಹಾಲಿನ ವಿಷಯದಲ್ಲಿ ರಾಜಿ ಇಲ್ಲ. ಕುದುರೆಯ ಮಾಸಿನ ಮೂಲಕ ತಾಯಿಯ ರೋಗನಿರೋಧಕ ಅಂಶ ಮರಿಗೆ ದಾಟುವುದಿಲ್ಲ, ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಕರುಳು ಆ ಅಂಶವನ್ನು ಹೀರುವ ಶಕ್ತಿ ಮೊದಲ 6-8 ಗಂಟೆ ಚೆನ್ನಾಗಿದ್ದು 24 ಗಂಟೆಗೆ ಮುಚ್ಚಿಹೋಗುತ್ತದೆ. ಹೆರಿಗೆಗೆ ಮೊದಲೇ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕಿ ಹೋಗಿದ್ದರೆ ಮರಿ ಎಷ್ಟು ಕುಡಿದರೂ ಗಿಣ್ಣು ಸಾಲದು. ಅನುಮಾನ ಇದ್ದರೆ 18-24 ಗಂಟೆಗೆ ರಕ್ತ ಪರೀಕ್ಷೆ ಮಾಡಿಸಿ. ಐಜಿಜಿ (ಆ ರೋಗನಿರೋಧಕ ಅಂಶ) ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲಿದ್ದರೆ ನಿಶ್ಚಿಂತೆ, 400ಕ್ಕಿಂತ ಕೆಳಗಿದ್ದರೆ ಪ್ಲಾಸ್ಮಾ ಕೊಡಬೇಕು.

ಮೊದಲ ಲದ್ದಿ ಕಪ್ಪಗೆ ಗಟ್ಟಿಯಾಗಿರುತ್ತದೆ, ಸುಮಾರು 12 ಗಂಟೆಯೊಳಗೆ ಬೀಳಬೇಕು. ಬಾಲ ಎತ್ತಿ ಬೆನ್ನು ಮೇಲಕ್ಕೆ ಬಾಗಿಸಿ ಮುಕ್ಕರಿಯುತ್ತಿದ್ದರೆ ಅದು ಸಿಕ್ಕಿಕೊಂಡಿದೆ, ಎನಿಮಾ ಬೇಕು. ಬೆನ್ನು ತಗ್ಗಿಸಿ ಕಾಲು ಅಗಲಿಸಿ ಮುಕ್ಕರಿದರೆ ಅದು ಉಚ್ಚೆಗೆ. ಎರಡು ಮೂರು ದಿನದ ಗಂಡು ಮರಿಯಲ್ಲಿ ಹೀಗೆ ಕಂಡು ಹೊಟ್ಟೆಯೂ ಉಬ್ಬುತ್ತಿದ್ದರೆ ಮೂತ್ರಕೋಶ ಒಡೆದಿರಬಹುದು, ಅದು ಶಸ್ತ್ರಚಿಕಿತ್ಸೆಯ ಕೇಸು.

ಬಯಲುಸೀಮೆ_ಕುದುರಿ

ಡಾಕ್ಟ್ರ, ಮೂರು ವಾರದ ಮರಿಗೆ ದಿನಾ ಏನೇನು ನೋಡಬೇಕ್ರಿ?

ಪಶುವೈದ್ಯ_ಉತ್ತರ

ಮೊದಲು ತಾಯಿಯ ಕೆಚ್ಚಲು ನೋಡಿ, ಮರಿಯನ್ನು ಆಮೇಲೆ. ಮರಿ ಗಂಟೆಗೆ ಹಲವು ಸಲ ಕುಡಿಯುವುದರಿಂದ ಕೆಚ್ಚಲು ಬಿಗಿದಿರುವುದಿಲ್ಲ. ಬೆಳಿಗ್ಗೆ ಕೆಚ್ಚಲು ಬಿಗಿದು ಹಾಲು ಸೋರುತ್ತಿದ್ದರೆ, ಮರಿಯ ಹಣೆ ಮೇಲೆ ಹಾಲು ಒಣಗಿದ್ದರೆ, ಮರಿ ಕೆಚ್ಚಲ ಬಳಿ ನಿಂತರೂ ಕುಡಿಯುತ್ತಿಲ್ಲ. ಕಾಯಿಲೆಯ ಮೊದಲ ಸುಳಿವು ಅದೇ, ಜ್ವರಕ್ಕೂ ಮೊದಲು ಕಾಣುತ್ತದೆ.

ಎರಡನೆಯದು ಕುಂಟು. ಎಳೆ ಮರಿ ಕುಂಟಿದರೆ ‘ತಾಯಿ ತುಳಿದಿರಬೇಕು’ ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಹೊಕ್ಕುಳಿನಿಂದ ಅಥವಾ ಕರುಳಿನಿಂದ ಸೋಂಕು ರಕ್ತಕ್ಕೆ ಹೋಗಿ ಕೀಲಿನಲ್ಲಿ ಕೀವು ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಕೀಲು ಮುಟ್ಟಿ ನೋಡಿ. ಬಿಸಿ, ಊತ ಇದ್ದರೆ ಅದೇ ದಿನ ಕೀಲು ತೊಳೆದು ಪ್ರತಿಜೀವಕ ಶುರು ಮಾಡಬೇಕು. ಎರಡು ದಿನ ಕಳೆದರೆ ಮೃದ್ವಸ್ಥಿ ಹೋಗಿರುತ್ತದೆ.

ಮಾಮೂಲು ತಾಪಮಾನ 37.2ರಿಂದ 38.9 ಡಿಗ್ರಿ ಸೆಲ್ಸಿಯಸ್. 7ರಿಂದ 14ನೇ ದಿನದ ನಡುವೆ ಬರುವ ತೆಳು ಭೇದಿಗೆ, ಮರಿ ಚುರುಕಾಗಿದ್ದು ಕುಡಿಯುತ್ತಿದ್ದರೆ, ಮದ್ದು ಬೇಡ. ತೊಡೆ ಹಿಂಭಾಗ ತೊಳೆದು ಸ್ವಲ್ಪ ವ್ಯಾಸಲೀನ್ ಹಚ್ಚಿ, ಇಲ್ಲದಿದ್ದರೆ ಕೂದಲು ಉದುರುತ್ತದೆ. ಮರಿ ತಾಯಿಯ ಲದ್ದಿ ತಿನ್ನುವುದೂ ಸಹಜ, ಕರುಳಿಗೆ ಬೇಕಾದ ಸೂಕ್ಷ್ಮಾಣುಗಳು ಅದಕ್ಕೆ ಸಿಗುವುದು ಹಾಗೆ. ಹೊಡೆದು ಬಿಡಿಸಬೇಡಿ.

ಥರ್ಮಾಮೀಟರ್ ಹಾಕಿಸಿಕೊಳ್ಳುವುದನ್ನು ಈಗಲೇ ಕಲಿಸಿ. ಪೃಷ್ಠದ ಮೇಲೆ, ಬಾಲದ ಬುಡದಲ್ಲಿ ತುರಿಸಿದರೆ ಬಹುತೇಕ ಮರಿಗಳು ತಾವೇ ಬಾಲ ಎತ್ತುತ್ತವೆ.

ನಾಗಾಲೋಟ

ಡಾಕ್ಟರ್ ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಬಾಲದ ಬುಡ ತುರಿಸುವುದು ಮರಿಗೆ ಎಷ್ಟು ಹಿಡಿಸುತ್ತದೆಂದರೆ ಎರಡೇ ವಾರದಲ್ಲಿ ಅದು ಬೆನ್ನು ತಿರುಗಿಸಿ ನಿಮ್ಮ ಮೇಲೆ ಹಿಂದಕ್ಕೆ ಬರಲು ಕಲಿಯುತ್ತದೆ. 40 ಕೆಜಿ ಇರುವಾಗ ನೋಡಲು ಚೆಂದ, 300 ಕೆಜಿ ಆದಾಗ ಅದೇ ಕುದುರೆ ‘ಹಿಂದೆ ತಿರುಗಿ ಒದೆಯುತ್ತೆ’ ಅನ್ನಿಸಿಕೊಳ್ಳುತ್ತದೆ. ನೀವು ಅದರ ಭುಜಕ್ಕೆ ಸಮಾನಾಂತರವಾಗಿ ನಿಂತಿರುವಾಗ, ನೀವಾಗಿ ಹೋದರೆ ಮಾತ್ರ ತುರಿಸಿ. ಅದು ಪೃಷ್ಠ ತಂದೊಡ್ಡಿದರೆ ಪಕ್ಕಕ್ಕೆ ಸರಿದು ಭುಜದ ಬಳಿ ಬನ್ನಿ.

ಪಶುವೈದ್ಯ_ಉತ್ತರ

ಒಪ್ಪಿದೆ.

ಲಾಳದಸಾಲು

ಕಾಲಿನ ವಿಷಯ ಯಾರೂ ಎತ್ತಲಿಲ್ಲ. ಮೊದಲ ಸಲ ಗೊರಸು ನೋಡಿ ಅರ ಹಾಕಬೇಕಾದದ್ದು 4-6 ವಾರಕ್ಕೆ, ಆಮೇಲೆ ಪ್ರತಿ 4-6 ವಾರಕ್ಕೊಮ್ಮೆ. ಲಾಳದ ಮಾತು ಈಗ ಬೇಡ. ಎಳೆ ಮೂಳೆ ಬೆಳೆಯುವ ಅಂಚುಗಳು ಬೇಗ ಮುಚ್ಚಿಕೊಳ್ಳುತ್ತವೆ ಎಂಬುದೇ ಇಲ್ಲಿನ ಅವಸರಕ್ಕೆ ಕಾರಣ. ಗೊರಸಿನ ಮೇಲೆ ಎದ್ದು ಕಾಣುವ ಮೊದಲ ಕೀಲು (ಫೆಟ್‌ಲಾಕ್) ಒಳಕ್ಕೋ ಹೊರಕ್ಕೋ ಓರೆಯಾಗಿದ್ದರೆ ಎರಡು, ಹೆಚ್ಚೆಂದರೆ ಮೂರು ತಿಂಗಳೊಳಗೆ ಸರಿಪಡಿಸಬೇಕು. ಮುಂಗಾಲ ಮಂಡಿಯ ಓರೆಗೆ ಇನ್ನೊಂದಿಷ್ಟು ತಿಂಗಳು ಸಿಗುತ್ತದೆ. ಆರು ತಿಂಗಳಿಗೆ ಮೊದಲ ಸಲ ಕರೆದರೆ ನಾವು ಗೊರಸು ಚಂದ ಮಾಡಬಹುದು, ಕಾಲನ್ನು ನೆಟ್ಟಗೆ ಮಾಡಲಾಗದು. ಹುಟ್ಟಿದಾಗ ಕೊಂಚ ಓರೆ ಇರುವುದು ಸಾಮಾನ್ಯ, ಬಹಳಷ್ಟು ತಾನಾಗಿ ಸರಿಹೋಗುತ್ತದೆ. ವಾರಕ್ಕೊಮ್ಮೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ಒಂದೇ ಜಾಗದಲ್ಲಿ ನಿಲ್ಲಿಸಿ ತೆಗೆದಿಟ್ಟರೆ ಕಡಿಮೆಯಾಗುತ್ತಿದೆಯೋ ಹೆಚ್ಚುತ್ತಿದೆಯೋ ಗೊತ್ತಾಗುತ್ತದೆ.

ಕಾಲು ಎತ್ತುವ ಅಭ್ಯಾಸ ಹೀಗೆ: ಭುಜ ತುರಿಸುತ್ತಾ ಕೈಯನ್ನು ಮಂಡಿಯವರೆಗೆ ಇಳಿಸಿ, ವಾಪಸ್. ಅದಕ್ಕೆ ಒಗ್ಗಿದ ಮೇಲೆ ಗೊರಸಿನವರೆಗೆ. ಆಮೇಲೆ ನೆಲದಿಂದ ಎರಡು ಇಂಚು ಎತ್ತಿ, ಎರಡು ಸೆಕೆಂಡ್ ಹಿಡಿದು, ಅದು ಜಗ್ಗುವ ಮೊದಲೇ ಕೆಳಗಿಡಿ, ಬೀಳಿಸಬೇಡಿ. ಜಗ್ಗಿದ ಮೇಲೆ ಬಿಟ್ಟರೆ ಜಗ್ಗುವುದನ್ನೇ ಕಲಿಸಿದಂತೆ. ಜಗ್ಗಿಬಿಟ್ಟರೆ ಕಾಲಿನ ಜೊತೆ ನಿಮ್ಮ ಕೈಯೂ ಹೋಗಲಿ, ಒಂದು ಕ್ಷಣ ಸಡಿಲಾದಾಗ ಇಳಿಸಿ. ಹಿಂಗಾಲನ್ನು ಪಕ್ಕಕ್ಕೆ ಎಳೆಯಬಾರದು, ಹೊಟ್ಟೆಯ ಕೆಳಗೆ ನೇರ ಮುಂದಕ್ಕೆ, ಆಮೇಲೆ ನೇರ ಹಿಂದಕ್ಕೆ. ಎಳೆ ಮರಿಗೆ ಮೂರು ಕಾಲಲ್ಲಿ ತೂಕ ಹಿಡಿಯಲು ಬರುವುದಿಲ್ಲ, ಅದು ಒರಗಿಕೊಂಡರೆ ಹಟ ಎಂದುಕೊಳ್ಳಬೇಡಿ. ಗೊರಸಿಗೆ ಅಂಗೈಯಿಂದ ನಾಲ್ಕು ಸಲ ತಟ್ಟಿ ಇಡುವ ಅಭ್ಯಾಸ ಮಾಡಿದರೆ ಮುಂದೆ ಲಾಳ ಹೊಡೆಯುವವರು ನಿಮಗೆ ಕೈಮುಗಿಯುತ್ತಾರೆ.

ಬಯಲುಸೀಮೆ_ಕುದುರಿ

ಹಾಲ್ಟರ್ ಯಾವಾಗ್ರಿ? ಮತ್ತ ಕಚ್ಚಾಕ ಬರತೈತಿ. ಬಾಯಿ ತೆರದು ಮುಚ್ಚಿ ಮಾಡತೈತಿ.

ನಾಗಾಲೋಟ

ಕತ್ತು ಮುಂದೆ ಚಾಚಿ, ತುಟಿಯ ಅಂಚು ಹಿಂದೆ ಎಳೆದುಕೊಂಡು, ಹಲ್ಲು ಟಕಟಕ ಅನ್ನಿಸುವುದಾದರೆ ಅದು ಕಚ್ಚುವುದಲ್ಲ. ‘ನಾನು ಚಿಕ್ಕವನು, ಬಿಟ್ಟುಬಿಡು’ ಎಂದು ದೊಡ್ಡ ಕುದುರೆಗಳಿಗೆ ಮರಿ ತೋರಿಸುವ ಸನ್ನೆ. ನಿಮಗೆ ಅದು ಮಾಡುತ್ತಿದ್ದರೆ ನೀವು ತೀರಾ ನೇರವಾಗಿ, ತೀರಾ ಹತ್ತಿರ ಹೋಗುತ್ತಿದ್ದೀರಿ. ಒಂದು ಹೆಜ್ಜೆ ಹಿಂದೆ ಬನ್ನಿ. ಇದಕ್ಕೆ ಯಾರಾದರೂ ಮೂತಿಗೆ ಹೊಡೆದರೆ ಅದಕ್ಕಿಂತ ಅನ್ಯಾಯ ಇಲ್ಲ.

ನಿಜವಾದ ಕಚ್ಚುವಿಕೆ ಎರಡು ತಿಂಗಳ ಹೊತ್ತಿಗೆ ಶುರುವಾಗುತ್ತದೆ, ಗಂಡು ಮರಿಗಳಲ್ಲಿ ಜಾಸ್ತಿ. ಕಿವಿ ಮುಂದೆಯೇ ಇರುತ್ತದೆ, ತೋಳಿಗೆ ಹಲ್ಲು ತಾಗಿಸಿ ಹಿಂದೆ ಜಿಗಿಯುತ್ತದೆ. ಅದು ಆಟ. ಮೂತಿಗೆ ಹೊಡೆದರೆ ಆಟಕ್ಕೆ ನೀವು ಸೇರಿಕೊಂಡಿರಿ ಎಂದೇ ಅರ್ಥ, ಇನ್ನೂ ಚುರುಕಾಗಿ ಬರುತ್ತದೆ. ಮೊಣಕೈ ಅಡ್ಡ ಹಿಡಿದು ಅದಾಗಿಯೇ ಬಂದು ತಾಗುವಂತೆ ಮಾಡಿ. ಕೂಡಲೇ ಅದರ ಎದೆಯ ಕಡೆ ನಡೆದು ಎರಡು ಹೆಜ್ಜೆ ಹಿಂದಕ್ಕೆ ಸರಿಸಿ, ಅಲ್ಲಿಗೆ ಬಿಡಿ, ಕೋಪ ಬೇಡ. ಕೈಯಲ್ಲಿ ಬೆಲ್ಲ, ಕ್ಯಾರೆಟ್ ತಿನ್ನಿಸುವುದನ್ನು ಗಂಡು ಮರಿಗೆ ಪೂರ್ತಿ ನಿಲ್ಲಿಸಿ. ಏನು ಕೊಡುವುದಿದ್ದರೂ ಗೋದಲಿಯಲ್ಲಿ ಹಾಕಿ.

ಹಾಲ್ಟರ್: ಕತ್ತು, ಕೆನ್ನೆ, ಕಿವಿಯ ಬುಡ ಆರಾಮಾಗಿ ಮುಟ್ಟಿಸಿಕೊಳ್ಳುವ ದಿನದಿಂದ. ಮೆತ್ತನೆ ಚರ್ಮದ್ದು ಅಥವಾ ಹತ್ತಿಯದ್ದು ಒಳ್ಳೆಯದು. ನೈಲಾನ್ ಆದರೆ ತಲೆ ಪಟ್ಟಿ ಚರ್ಮದ್ದಿರಲಿ, ಸಿಕ್ಕಿಕೊಂಡರೆ ಹರಿಯಬೇಕು. ಮೂಗಿನ ಪಟ್ಟಿ ಕೆನ್ನೆಯ ಮೂಳೆಗಿಂತ ಎರಡು ಬೆರಳು ಕೆಳಗೆ, ಎರಡು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ. ಮೊದಲು ಅದನ್ನೇ ಕೈಯಲ್ಲಿ ಹಿಡಿದು ಭುಜ, ಕತ್ತಿಗೆ ಉಜ್ಜಿ. ಮೂಗಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತನ್ನಿ, ತಲೆ ಪಟ್ಟಿಯನ್ನು ಕಿವಿ ಮೇಲಿಂದ ಎಳೆಯದೆ ಕತ್ತಿನ ಹಿಂದಿನಿಂದ ಸುತ್ತಿ ಬಕಲ್ ಹಾಕಿ. ಐದು ನಿಮಿಷ ಬಿಟ್ಟು ತೆಗೆಯಿರಿ.

ತೆಗೆಯಿರಿ ಎಂದದ್ದು ಗಮನಿಸಿ. ಮರಿ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ. ಗೊರಸು ಹಾಲ್ಟರಿನೊಳಗೆ ಸಿಕ್ಕಿದರೆ ಉರುಳಿ ಬಿದ್ದು ಕತ್ತು ಮುರಿಯುತ್ತದೆ. ಇನ್ನೊಂದು, ತಲೆ ವಾರ ವಾರಕ್ಕೂ ಬೆಳೆಯುತ್ತದೆ, ಮರೆತು ಬಿಟ್ಟ ಹಾಲ್ಟರ್ ಮೂಗಿನ ಮೂಳೆಯಲ್ಲಿ ಗುಳಿ ಬೀಳಿಸುತ್ತದೆ.

ನಡೆಸುವುದಕ್ಕೆ ಇಬ್ಬರು ಬೇಕು. ಒಬ್ಬರು ತಾಯಿಯನ್ನು ಮುಂದೆ ನಡೆಸಲಿ, ಮರಿ ತಾಯಿಯ ಪಕ್ಕೆಯ ಹತ್ತಿರವೇ ಇರಲಿ. ಬೆರಳು ಗಾತ್ರದ ಮೆತ್ತನೆ ಹತ್ತಿ ಹಗ್ಗ, ಮೂರು ಮೀಟರ್, ಅದನ್ನು ಮರಿಯ ಪೃಷ್ಠದ ಹಿಂದೆ ಸುತ್ತಿ ಎರಡೂ ತುದಿ ಬೆನ್ನ ಮೇಲೆ ಒಂದು ಕೈಯಲ್ಲಿ. ಇನ್ನೊಂದು ಕೈ ಹಾಲ್ಟರಿನ ಹಗ್ಗದ ಮೇಲೆ, ಸಡಿಲವಾಗಿ. ಮುಂದೆ ಬಾ ಎನ್ನುವ ಒತ್ತಡ ಹಿಂದಿನ ಹಗ್ಗದಿಂದ ಬರಬೇಕು, ತಲೆಯಿಂದಲ್ಲ. ಒಂದು ಹೆಜ್ಜೆ ಇಟ್ಟ ಆ ಕ್ಷಣಕ್ಕೇ ಎರಡೂ ಸಡಿಲ. ಅಂಟಿಕೊಂಡು ನಿಂತರೆ ನೇರ ಎಳೆಯದೆ ತಲೆಯನ್ನು ಸ್ವಲ್ಪ ಪಕ್ಕಕ್ಕೆ ಕರೆಯಿರಿ, ತೂಕ ತಪ್ಪಿ ತಾನಾಗಿ ಕಾಲು ಎತ್ತುತ್ತದೆ.

ತಲೆ ಹಿಡಿದು ಎಳೆದರೆ ಏನಾಗುತ್ತದೆ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಒತ್ತಡಕ್ಕೆ ಎದುರಾಗಿ ಮರಿ ಹಿಂದಕ್ಕೆ ಜಗ್ಗಿ, ಎದ್ದು ನಿಂತು, ಬೆನ್ನ ಮೇಲೆ ಬೀಳುತ್ತದೆ. ತಲೆಯ ಹಿಂಭಾಗ ನೆಲಕ್ಕೆ ಬಡಿದರೆ ತಲೆಬುರುಡೆಯ ಬುಡದ ಮೂಳೆ ಮುರಿಯುತ್ತದೆ, ಅಂಥ ಮರಿ ಉಳಿಯುವುದು ಕಷ್ಟ. ಅದಕ್ಕೇ ಸಿಮೆಂಟ್ ನೆಲದ ಮೇಲೆ ಈ ಪಾಠ ಬೇಡ, ಮಣ್ಣು ಅಥವಾ ಹುಲ್ಲಿನ ಮೇಲೆ. ಕಟ್ಟುವ ಪಾಠ ಆರು ತಿಂಗಳ ನಂತರ. ಅದೂ ಕಂಬಕ್ಕೆ ನೇರವಾಗಿ ಅಲ್ಲ, ಸೈಕಲ್ ಟ್ಯೂಬಿನ ಒಂದು ಸುತ್ತು ನಡುವೆ ಇರಲಿ, ಎಳೆದರೆ ಬಿಚ್ಚುವ ಗಂಟು ಹಾಕಿ, ಪಕ್ಕದಲ್ಲೇ ಇರಿ.

ಚುಚ್ಚುಮದ್ದಿಗೆ ಹಿಡಿಯಬೇಕಾದರೆ ಒಂದು ತೋಳು ಎದೆಯ ಮುಂದೆ, ಇನ್ನೊಂದು ಪೃಷ್ಠದ ಹಿಂದೆ, ಮರಿಯ ಒಂದು ಪಕ್ಕ ಗೋಡೆಗೆ, ತಾಯಿ ಕಣ್ಣೆದುರಿಗೆ. ತೋಳು ಬೇಲಿಯಂತಿರಬೇಕು, ಅದು ನೂಕಿದರೆ ತಾಗಬೇಕು, ನಿಂತರೆ ತಾಗಬಾರದು. ಬಾಲವನ್ನು ಬೆನ್ನ ಮೇಲೆ ಮಡಿಚಿ ಹಿಡಿಯುವವರಿದ್ದಾರೆ, ಬಾಲದ ಎಲುಬು ತಪ್ಪುತ್ತದೆ.

ಹುರುಳಿಕಟ್ಟು

ಮೇವಿನ ಬಗ್ಗೆ ಕೇಳಿದ್ದೀರಿ. ಎರಡು ತಿಂಗಳವರೆಗೆ ತಾಯಿಯ ಹಾಲೇ ಸಾಕು, ಆದ್ದರಿಂದ ಮೇವು ಹಾಕಬೇಕಾದದ್ದು ತಾಯಿಗೆ. ಹಾಲೂಡುವ ಮೊದಲ ಮೂರು ತಿಂಗಳು ಅವಳ ಹಸಿವು, ಬಾಯಾರಿಕೆ ಎರಡೂ ಜಾಸ್ತಿ. ನೀರಿನ ತೊಟ್ಟಿ ಯಾವ ಹೊತ್ತಿಗೂ ಖಾಲಿ ಇರಬಾರದು.

ಎರಡು ತಿಂಗಳಿಂದ ಮರಿಗೆ ಪ್ರತ್ಯೇಕ ದಾಣಿ (ಕಾಳಿನ ಮೇವು). ಲಾಯದ ಒಂದು ಮೂಲೆಗೆ ಅಡ್ಡ ಗಳ ಕಟ್ಟಿ, ತಾಯಿಯ ಎದೆಗೆ ತಡೆಯಾಗಿ, ಮರಿಯ ಬೆನ್ನಿಗೆ ತಾಗದಷ್ಟು ಎತ್ತರದಲ್ಲಿ. ವಯಸ್ಸಿನ ಪ್ರತಿ ತಿಂಗಳಿಗೆ ದಿನಕ್ಕೆ ಅರ್ಧ ಕೆಜಿ ಎಂಬುದು ದೊಡ್ಡ ತಳಿಯ ಲೆಕ್ಕ, ಕಾಠಿಯಾವಾಡಿಗೆ ಅದರ ಮುಕ್ಕಾಲು ಭಾಗ ಸಾಕು. ಪ್ರೋಟೀನ್ ಶೇ. 14-16 ಇರಬೇಕು. ಜಜ್ಜಿದ ಓಟ್ಸ್ ಮುಖ್ಯ, ಜೊತೆಗೆ ಸ್ವಲ್ಪ ಬೇಯಿಸಿದ ಹುರುಳಿ, ಕುದುರೆ ಮೆಂತೆ (ಲೂಸರ್ನ್) ಸೊಪ್ಪು, ಖನಿಜ ಮಿಶ್ರಣ, ಉಪ್ಪು. ಹಸಿ ಹುರುಳಿ ಬೇಡ, ಅದರಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿದೆ, ಬೇಯಿಸಿದರೆ ಹೋಗುತ್ತದೆ.

ನಮ್ಮ ಕಡೆ ನಡೆಯುವ ದೊಡ್ಡ ತಪ್ಪು ಎರಡು. ಮೊದಲನೆಯದು ಗೋಧಿ ಬೂಸಾ. ಸುಲಭಕ್ಕೆ ಸಿಗುತ್ತದೆ, ಕುದುರೆ ಇಷ್ಟಪಡುತ್ತದೆ, ಅದಕ್ಕೇ ಬಕೆಟ್ ಬಕೆಟ್ ಹಾಕುತ್ತಾರೆ. ಬೆಳೆಯುವ ಮರಿಗೆ ಸುಣ್ಣದಂಶ ರಂಜಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಬೂಸಾದಲ್ಲಿ ಇದು ತಲೆಕೆಳಗು, ರಂಜಕವೇ ಸುಣ್ಣದ ಎಂಟು ಹತ್ತು ಪಟ್ಟು. ರಕ್ತದಲ್ಲಿ ಸುಣ್ಣ ಸಾಲದೆ ಶರೀರ ಅದನ್ನು ಮೂಳೆಯಿಂದ ಕೀಳುತ್ತದೆ. ದವಡೆ, ಮುಖದ ಮೂಳೆ ಊದುತ್ತದೆ, ಇವತ್ತು ಈ ಕಾಲು ನಾಳೆ ಆ ಕಾಲು ಕುಂಟುತ್ತದೆ.

ಎರಡನೆಯದು ನೇಪಿಯರ್ ಹುಲ್ಲು. ಹಸುವಿಗೆಂದು ಬೆಳೆದದ್ದನ್ನೇ ಕುದುರೆಗೂ ಹಾಕುತ್ತಾರೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಒಡೆಯುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಬೂಸಾ, ನೇಪಿಯರ್ ಎರಡೂ ಸೇರಿದರೆ ಕೇಳುವುದೇ ಬೇಡ. ಗರಿಕೆ ಒಣಹುಲ್ಲು, ಓಟ್ಸ್ ಹುಲ್ಲು, ಕುದುರೆ ಮೆಂತೆ ಒಳ್ಳೆಯದು. ನೇಪಿಯರ್ ಬಿಟ್ಟರೆ ಗತಿ ಇಲ್ಲ ಎನ್ನುವವರು ಅದನ್ನು ಕಾಲು ಭಾಗಕ್ಕೆ ಇಳಿಸಿ ಕುದುರೆ ಮೆಂತೆ ಸೇರಿಸಿ, ಸುಣ್ಣದ ಕಲ್ಲಿನ ಪುಡಿ ಎಷ್ಟು ಬೇಕೆಂದು ವೈದ್ಯರಿಂದ ಲೆಕ್ಕ ಹಾಕಿಸಿಕೊಳ್ಳಿ.

ಹಾಗೆಂದು ಬೇಗ ಬೆಳೆಯಲಿ ಅಂತ ದಾಣಿ ಸುರಿಯಲೂಬಾರದು. ರೇಸಿನ ಥರೋಬ್ರೆಡ್ ಮರಿಗಳ ವಯಸ್ಸನ್ನು ಇಲ್ಲಿ ಜನವರಿ 1ರಿಂದ ಲೆಕ್ಕ ಹಾಕುತ್ತಾರೆ, ಎರಡು ವರ್ಷಕ್ಕೇ ಓಡಿಸಬೇಕು, ಹೀಗಾಗಿ ಕುಣಿಗಲ್ಲಿನಂಥ ಕಡೆ ಮೇವಿನ ಲೆಕ್ಕವೇ ಬೇರೆ. ಸವಾರಿಗೆ ಮೂರೂವರೆ ನಾಲ್ಕು ವರ್ಷಕ್ಕೆ ತರುವ ಕಾಠಿಯಾವಾಡಿಗೆ ಆ ಅವಸರ ಯಾಕೆ? ಕೀಲಿನ ಮೇಲೆ ಗಂಟು ಗಂಟಾಗಿ ಊದಿದ್ದು ಕಂಡರೆ ಮೊದಲು ದಾಣಿ ಇಳಿಸಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿದ್ದರೆ ಸರಿಯಾದ ಮೈ.

ಗರಿಕೆ_ಮೈಸೂರು

ತಾಯಿ ಸತ್ತ ಮರಿಗೆ ಎಮ್ಮೆ ಹಾಲು ಕೊಡಬಹುದಾ ಮೇಡಂ/ಸರ್? ಸಕ್ಕರೆ ಹಾಕಬೇಕು ಅಂತಾರೆ.

ಪಶುವೈದ್ಯ_ಉತ್ತರ

ಎಮ್ಮೆ ಹಾಲು ಬೇಡ, ಕೊಬ್ಬು ತೀರಾ ಹೆಚ್ಚು, ಭೇದಿ ಹಿಡಿಯುತ್ತದೆ. ಕುದುರೆ ಹಾಲಿನಲ್ಲಿ ಕೊಬ್ಬು ಕಡಿಮೆ, ಸಿಹಿ ಹೆಚ್ಚು. ಮರಿಗಳ ಹಾಲಿನ ಪುಡಿ ಸಿಗದಿದ್ದರೆ ಶೇ. 2 ಕೊಬ್ಬಿನ ಹಸುವಿನ ಹಾಲು ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್. ಔಷಧಿ ಅಂಗಡಿಯಲ್ಲಿ ಡೆಕ್ಸ್‌ಟ್ರೋಸ್ ಎಂದೇ ಕೇಳಿ. ಅಡುಗೆ ಸಕ್ಕರೆ, ಬೆಲ್ಲ ಎರಡೂ ಬೇಡ, ಎಳೆ ಮರಿಯ ಕರುಳಲ್ಲಿ ಅದನ್ನು ಒಡೆಯುವ ಕಿಣ್ವ ಇಲ್ಲ. ಮೊದಲ ದಿನ ದೇಹತೂಕದ ಶೇ. 10, ವಾರ ಹತ್ತು ದಿನದಲ್ಲಿ ಶೇ. 20-25ಕ್ಕೆ ಏರಿಸಿ. 40 ಕೆಜಿ ಮರಿಗೆ ಅದು ದಿನಕ್ಕೆ 8-10 ಲೀಟರ್. ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿಯೂ. ಬಾಟಲಿಯನ್ನು ಮೇಲೆತ್ತಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ನಿಂತಿರಬೇಕು, ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಆದಷ್ಟು ಬೇಗ ಬಕೆಟ್ಟಿಗೆ ಬದಲಿಸಿ.

ನಾಗಾಲೋಟ

ಬಕೆಟ್ಟಿಗೆ ಬದಲಿಸುವುದರಿಂದ ಇನ್ನೊಂದು ಲಾಭ, ಹಾಲಿಗೂ ಮನುಷ್ಯನಿಗೂ ಇರುವ ಗಂಟು ಬಿಚ್ಚುತ್ತದೆ. ಅನಾಥ ಮರಿ ನಿಮ್ಮನ್ನು ಹೆದರದೆ ನಂಬುತ್ತದೆ, ಅಪಾಯ ಅಲ್ಲೇ ಇರುವುದು. ಹೆಗಲ ಮೇಲೆ ಮುಂಗಾಲು ಹಾಕುವ ಆಟವನ್ನು ಬೇರೆ ಕುದುರೆ ಆಗಿದ್ದರೆ ಒಂದೇ ಒದೆಯಲ್ಲಿ ಬಿಡಿಸುತ್ತಿತ್ತು. ನಾವು ನಗುತ್ತೇವೆ. ಎರಡು ವರ್ಷದ ಹೊತ್ತಿಗೆ ಅಂಥ ಗಂಡು ಕುದುರೆಯನ್ನು ಯಾರೂ ಲಾಯದೊಳಗೆ ಹೋಗಿ ಹಿಡಿಯಲಾಗದು. ಸೌಮ್ಯವಾದ ಒಂದು ಮುದಿ ಕುದುರೆಯ ಜೊತೆ ಬಿಡಿ, ಮರ್ಯಾದೆ ಅದು ಕಲಿಸುತ್ತದೆ. ಕುದುರೆ ಇಲ್ಲದಿದ್ದರೆ ಆಡಾದರೂ ಜೊತೆಗಿರಲಿ.

ಬಯಲುಸೀಮೆ_ಕುದುರಿ

ತಾಯಿ ಬಿಡಸೂದು, ಜಂತಿನ ಮದ್ದು, ಲಸಿಕೆ — ಇವೆಲ್ಲಾ ಒಂದ ಸಲಕ್ಕ ಮಾಡಬಹುದೇನ್ರಿ? ಡಾಕ್ಟ್ರು ಊರಿಗೆ ಬರೂದು ಅಪರೂಪ.

ಪಶುವೈದ್ಯ_ಉತ್ತರ

ಒಟ್ಟಿಗೆ ಬೇಡ. ತಾಯಿ ಬಿಡಿಸುವ ವಾರ ಮರಿಯ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ಜಂತಿಗೆ ಮೊದಲ ಮದ್ದು 2-3 ತಿಂಗಳಿಗೆ, ಫೆನ್‌ಬೆಂಡಜೋಲ್. ಈ ವಯಸ್ಸಿನ ದೊಡ್ಡ ದುಂಡು ಹುಳುಗಳು ಐವರ್‌ಮೆಕ್ಟಿನ್‌ಗೆ ಹಲವೆಡೆ ಬಗ್ಗುವುದಿಲ್ಲ. ಹೊಟ್ಟೆ ಡುಬ್ಬಾಗಿ ಕೂದಲು ಒರಟಾಗಿರುವ ಮರಿಗೆ ನೀವೇ ಮದ್ದು ಕೊಡಬೇಡಿ, ಹುಳು ಒಟ್ಟಿಗೆ ಸತ್ತು ಕರುಳು ಕಟ್ಟಿಕೊಂಡು ಮರಿ ಸಾಯಬಹುದು. ಎರಡನೆಯದು ಬಿಡಿಸುವುದಕ್ಕೆ ಎರಡು ವಾರ ಮುಂಚೆ. ಧನುರ್ವಾಯು ಲಸಿಕೆ, ತಾಯಿಗೆ ಹೆರಿಗೆಗೆ ಮುಂಚೆ 4-6 ವಾರದಲ್ಲಿ ಹಾಕಿಸಿದ್ದರೆ, ಮರಿಗೆ 4-6 ತಿಂಗಳಿಗೆ ಶುರು. ತಾಯಿಗೆ ಹಾಕಿಸಿಲ್ಲವಾದರೆ ಈಗಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೇಳಿ. ಒಂದರಿಂದ ಆರು ತಿಂಗಳ ನಡುವೆ ಧೂಳಿನ ಲಾಯದಲ್ಲಿ ಕಾಣುವ ನ್ಯುಮೋನಿಯಾ ಒಂದಿದೆ, ಹಾಲು ಕುಡಿಯುತ್ತಲೇ ಇರುತ್ತದೆ, ಉಸಿರು ಮಾತ್ರ ವೇಗ. ಮಲಗಿ ನಿದ್ರಿಸುವಾಗ ಪಕ್ಕೆ ಎಣಿಸಿ. ನಿಮಿಷಕ್ಕೆ 40 ದಾಟಿದ್ದು ಬಿಸಿಲು ಇಳಿದ ಮೇಲೂ ಕಡಿಮೆಯಾಗದಿದ್ದರೆ ತೋರಿಸಿ.

ನಾಗಾಲೋಟ

ಬಿಡಿಸುವುದು 5-6 ತಿಂಗಳಿಗೆ, ದಿನಕ್ಕೆ ದೇಹತೂಕದ ಶೇ. 1ರಷ್ಟು ದಾಣಿ ತಾನಾಗಿ ತಿನ್ನುತ್ತಿದ್ದರೆ ಮಾತ್ರ. ಮರಿ ತನ್ನ ಹಳೆ ಜಾಗದಲ್ಲೇ ಇರಲಿ, ತಾಯಿಯನ್ನು ಪಕ್ಕದ ಆವರಣಕ್ಕೆ ತನ್ನಿ. ನಡುವೆ ಹಲಗೆ ಅಥವಾ ಕೊಳವೆಯ ಬೇಲಿ, ಮೂಸಬಹುದು, ಹಾಲು ಕುಡಿಯಲಾಗದು. ವಾರದ ನಂತರ ದೂರ ಮಾಡಿ. ಜೊತೆಗೆ ಇನ್ನೊಂದು ಕುದುರೆ ಕಡ್ಡಾಯ, ಒಂಟಿಯಾಗಿ ಕೂಡಿಹಾಕಿದ ಮರಿ ಗೋಡೆ ಹತ್ತಲು ಹೋಗುತ್ತದೆ, ಮರ ಕಡಿಯುವ ಚಟ ಹಿಡಿಯುತ್ತದೆ. ತಾಯಿಗೆ ಆ ವಾರ ದಾಣಿ ನಿಲ್ಲಿಸಿ ಒಣಹುಲ್ಲು ಕೊಡಿ, ಕೆಚ್ಚಲು ಬಿಗಿದರೂ ಕರೆಯಬೇಡಿ, ಕರೆದಷ್ಟೂ ಹಾಲು ಬರುತ್ತದೆ.

ಫ್ರಾನ್ಸಿನ ಲೇಆ ಲಾನ್ಸಾಡ್ ತಂಡ ನೋಡಿದ್ದೇನೆಂದರೆ, ತಾಯಿ ಬಿಡಿಸಿದ ಕೂಡಲೇ ಮುಟ್ಟಿ ನಡೆಸಿ ಪಳಗಿಸಿದ ಮರಿಗಳು ಮೂರು ವಾರ ತಡವಾಗಿ ಪಳಗಿಸಿದವಕ್ಕಿಂತ ಸುಲಭವಾಗಿ ಕೈಗೆ ಬಂದವು. ಹೀಗಾಗಿ ತಾಯಿ ಬಿಡಿಸಿದ ಮೊದಲ ಎರಡು ವಾರ ಪಾಪ ಎಂದು ಬಿಟ್ಟುಬಿಡಬೇಡಿ. ಹಳೆಯ ಪಾಠವನ್ನೇ, ತುರಿಸು, ಕಾಲೆತ್ತು, ಹಾಲ್ಟರ್, ಹತ್ತು ಹೆಜ್ಜೆ, ದಿನಕ್ಕೆ ಎರಡು ಸಲ ಮಾಡಿ. ಹೊಸದೇನೂ ಸೇರಿಸಬೇಡಿ.

ಬಯಲುಸೀಮೆ_ಕುದುರಿ

ಬೇಲಿ ಮುಳ್ಳುತಂತಿ ಐತ್ರಿ. ನಡೀತೈತೇನು?

ಲಾಳದಸಾಲು

ಇಲ್ಲ ರೀ. ಕುದುರೆ ಸಿಕ್ಕಿಕೊಂಡರೆ ದನದ ಹಾಗೆ ನಿಲ್ಲುವುದಿಲ್ಲ, ಜಗ್ಗುತ್ತದೆ, ಮೂಳೆವರೆಗೂ ಸೀಳುತ್ತದೆ. ಬಿಡಿಸುವುದಕ್ಕೆ ಇನ್ನೂ ನಾಲ್ಕು ತಿಂಗಳಿದೆ, ಅಷ್ಟರೊಳಗೆ ಒಂದೇ ಒಂದು ಆವರಣಕ್ಕಾದರೂ ಬಿದಿರು ಗಳ ಅಥವಾ ಜಿಐ ಕೊಳವೆ ಹಾಕಿಸಿ. ನಾಲ್ಕೂವರೆ ಅಡಿ ಎತ್ತರ, ಕೆಳಗಿನ ಗಳ ನೆಲದಿಂದ ಒಂದಡಿ ಮೇಲೆ, ಮೂಲೆಗಳು ಚೂಪಾಗದೆ ದುಂಡಗಿರಲಿ. ಕಂಬಗಳು ಹೊರಗಡೆ, ಗಳಗಳು ಒಳಗಡೆ.